ಬಲ್ಮಠದ ಪಂಕ್ತಿ



ಕಳೆದ ಮುಂಗಾರಿನಲ್ಲಿ ನನ್ನ ಅಕ್ಕನ ಮೊಮ್ಮಗಳು ಕಲಬುರಗಿಯ ಕಾಲೇಜೊಂದಕ್ಕೆ ಸೇರಿದಳು. ವಸತಿನಿಲಯಕ್ಕೆ ಹೊರಡುವ ಮುನ್ನ ಆಶೀರ್ವಾದ ಪಡೆಯಲೆಂದು ದೋರನಹಳ್ಳಿಯ ನನ್ನ ಮನೆಗೆ ಬಂದಿದ್ದಳು. ನಮ್ಮ ಕೇರಿಯಿಂದ ಪದವಿ ವ್ಯಾಸಂಗಕ್ಕೆ ಹೊರಟ ಹೆಣ್ಣುಮಕ್ಕಳಲ್ಲಿ ಅವಳು ಮೊದಲನೆಯವಳಲ್ಲವಾದರೂ, ನಮ್ಮ ಮನೆತನದಲ್ಲಿ ಮೊದಲನೆಯವಳೇ ಸರಿ. ಸತ್ಯವೇದವನ್ನು ಓದಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆನು. ಆಮೆನ್ ಎಂದ ಮೇಲೆ ಅವಳು ಎದ್ದು ಹೋಗುವಳೆಂದುಕೊಂಡರೆ ಹೋಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು: "ಮುತ್ಯಾ, ಮೆಸ್ಸಿನಾಗ ಮೊದಲ್ನೇ ದಿನ ಯಾರ ಬಾಜೂಕ ಕುಂದರ್ಲಿ?"

ಶುಲ್ಕ, ಪುಸ್ತಕ, ಇಂಗ್ಲಿಷ್ ಭಾಷೆ, ಇವುಗಳ ಬಗ್ಗೆ ಕೇಳಿದ್ದರೆ ನನ್ನಲ್ಲಿ ಉತ್ತರ ಸಿದ್ಧವಾಗಿತ್ತು. ಈ ಪ್ರಶ್ನೆಗೆ ಇರಲಿಲ್ಲ. "ಜಾಗ ಎಲ್ಲಿ ಖಾಲಿ ಇರ್ತದ ಅಲ್ಲಿ ಕುಂದರವ್ವ" ಎಂದು ತೇಲಿಸಿಬಿಟ್ಟೆನು. ಅವಳು ತಲೆಯಾಡಿಸಿ ಹೋದಳು. ನನಗೆ ಮಾತ್ರ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಏಕೆಂದರೆ ನಲವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ನಾನೂ ಈ ಊರಿನಿಂದ ಹೊರಟವನೇ.

ದೋರನಹಳ್ಳಿ ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿದೆ. ಜೋಳ, ತೊಗರಿ, ಹತ್ತಿಯ ಎರೆಭೂಮಿ. ನಾನು ಹೊರಟದ್ದು 1983ರಲ್ಲಿ. ಆಗ ನಮ್ಮದು ಗುಲ್ಬರ್ಗಾ ಜಿಲ್ಲೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ನಾರಾಯಣಪುರದ ಅಣೆಕಟ್ಟಿನ ಕೆಲಸ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಕಾಲುವೆಯ ನೀರು ಕಂಡು ಭತ್ತ ಬೆಳೆಯುವ ಈಗಿನ ಸೀಮೆಯನ್ನು ಆಗ ಯಾರೂ ಕನಸಿನಲ್ಲಿಯೂ ಕಂಡಿರಲಿಲ್ಲ. ನಮ್ಮ ಕಡೆಯ ಊರೂರುಗಳಲ್ಲಿ ಚಹಾದಂಗಡಿಯ ಹೊರಗೆ ಗೋಡೆಯ ಗೂಡಿನಲ್ಲಿ ಬೇರೆ ಲೋಟಗಳಿರುತ್ತಿದ್ದವು. ಕುಡಿದವನೇ ತೊಳೆದಿಡಬೇಕು. ನನ್ನ ತಂದೆಯವರು ಕ್ರೈಸ್ತರಾಗಿದ್ದರು, ಭಾನುವಾರ ಬಿಳಿ ಅಂಗಿ ತೊಡುತ್ತಿದ್ದರು, ಯಾದಗಿರಿಯಿಂದ ಬರುತ್ತಿದ್ದ ಮೆಥೋಡಿಸ್ಟ್ ಉಪದೇಶಿಗಳಿಂದ ಅಕ್ಷರ ಕಲಿತಿದ್ದರು. ಆದರೂ ಅವರ ಲೋಟ ಹೊರಗಿನ ಗೂಡಿನಲ್ಲಿಯೇ ಇರುತ್ತಿತ್ತು.

ದೇವಸೇವೆಗೆ ನನ್ನನ್ನು ಆರಿಸಿದಾಗ ಕಳುಹಿಸಿದ್ದು ಮಂಗಳೂರಿಗೆ, ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿಗೆ. ದಕ್ಷಿಣ ಭಾರತ ಸಭೆಯವರೂ ನಮ್ಮ ಮೆಥೋಡಿಸ್ಟರೂ ಕೂಡಿ 1965ರಲ್ಲಿ ಆರಂಭಿಸಿದ ಸಂಸ್ಥೆಯದು. ಹಳೆಯ ಬಾಸೆಲ್ ಮಿಷನ್ ಸೆಮಿನರಿಯ ಪರಂಪರೆಯಲ್ಲಿ ನಿಂತದ್ದು. ಬಸ್ಸುಗಳನ್ನು ಬದಲಿಸುತ್ತ, ಒಂದು ಹಗಲು ಒಂದು ರಾತ್ರಿ ಕಳೆದು, ತಗಡಿನ ಪೆಟ್ಟಿಗೆಯೊಂದಿಗೆ ನಾನು ಇಳಿದಾಗ ಸುರಿಯುತ್ತಿದ್ದ ಮಳೆಯನ್ನು ಇಂದಿಗೂ ಮರೆತಿಲ್ಲ. ನಮ್ಮಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನೋಡುತ್ತಾರೆ; ಅಲ್ಲಿ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

ಊಟದ ಗಂಟೆ ಬಾರಿಸಿತು. ಉದ್ದನೆಯ ಮೇಜು, ಎರಡೂ ಬದಿಗೆ ಬೆಂಚು. ಧಾರವಾಡ, ಬೀದರ, ಕೊಡಗು, ಕೋಲಾರ, ತುಳುನಾಡು, ಎಲ್ಲ ಕಡೆಯ ಹುಡುಗರು. ನಾನು ಬಾಗಿಲಲ್ಲಿಯೇ ನಿಂತೆನು. ಯಾರೋ ತಳ್ಳಿದಂತಾಗಿ ಒಂದು ಬೆಂಚಿನ ತುದಿಗೆ ಕುಳಿತೆನು. ತಟ್ಟೆಗೆ ಬಿದ್ದದ್ದು ದಪ್ಪ ಕುಚ್ಚಲಕ್ಕಿಯ ಅನ್ನ ಮತ್ತು ಮೀನುಸಾರು. ಜೋಳದ ರೊಟ್ಟಿಯನ್ನುಂಡು ಬೆಳೆದ ಬಾಯಿಗೆ ಅದು ಹಿಡಿಸಲೇ ಇಲ್ಲ. ಆದರೆ ನನ್ನ ಪಕ್ಕದವನು ತನ್ನ ಲೋಟದ ನೀರು ಮುಗಿದಾಗ, ಕೇಳದೆಯೇ ನನ್ನ ಲೋಟವನ್ನೆತ್ತಿ ಕುಡಿದನು. ಕುಡಿದು, "ಸಾರಿ, ನಿನ್ನದಾ?" ಎಂದನು. ಅವನಿಗೆ ಅದು ಏನೂ ಅಲ್ಲ. ನಾನು ಮಾತ್ರ ಆ ಲೋಟವನ್ನು ನೋಡುತ್ತ ಕುಳಿತುಬಿಟ್ಟೆನು.

ಆ ಮೇಜಿಗೆ ಒಂದು ವಂಶಾವಳಿಯಿದೆ ಎಂಬುದನ್ನು ಸಭಾಚರಿತ್ರೆಯ ತರಗತಿಯಲ್ಲಿ ತಿಳಿದೆನು. ಅದನ್ನು ನಿಮಗೆ ಹೇಳಬೇಕೆಂದೇ ಈ ಲೇಖನ.

ಮಾರ್ಟಿನ್ ಲೂಥರ್ ಎಂದೊಡನೆ ನಮಗೆ ನೆನಪಾಗುವುದು ದೇವಾಲಯದ ಬಾಗಿಲು, 95 ವಾದಾಂಶಗಳು, 1517. ಆದರೆ ಲೂಥರನ ಸುಧಾರಣೆಯ ಬಹುಭಾಗ ನಡೆದದ್ದು ಊಟದ ಮೇಜಿನ ಸುತ್ತ. 1502ರಲ್ಲಿ ಸ್ಥಾಪನೆಯಾದ ವಿಟೆನ್‌ಬರ್ಗಿನ ವಿಶ್ವವಿದ್ಯಾಲಯ ಹೊಸದು, ಊರು ಸಣ್ಣದು. ಲೂಥರನು ತಾನು ಸನ್ಯಾಸಿಯಾಗಿದ್ದ ಅಗಸ್ಟೀನ್ ಮಠದ ಕಟ್ಟಡದಲ್ಲಿಯೇ 1525ರ ನಂತರ ಸಂಸಾರ ಹೂಡಿದನು. ಅವನ ಪತ್ನಿ ಕ್ಯಾಥರೀನಾ ಹಂದಿ ಸಾಕಿ, ತೋಟ ಮಾಡಿ, ಬಿಯರ್ ತಯಾರಿಸಿ, ಮನೆಯಲ್ಲಿ ತಂಗಿದ್ದ ವಿದ್ಯಾರ್ಥಿಗಳಿಗೂ ಅತಿಥಿಗಳಿಗೂ ಉಣಬಡಿಸುತ್ತಿದ್ದಳು. ಲೂಥರನು ಉಣ್ಣುತ್ತ ಆಡಿದ ಮಾತುಗಳನ್ನು ಆ ಹುಡುಗರು ಬರೆದಿಟ್ಟುಕೊಳ್ಳುತ್ತಿದ್ದರು. ಅವನು ತೀರಿಕೊಂಡ ಇಪ್ಪತ್ತು ವರ್ಷಗಳ ನಂತರ, 1566ರಲ್ಲಿ, ಅವು ಪುಸ್ತಕವಾಗಿ ಬಂದವು. ಆ ಮನೆಯ ಖರ್ಚು ತೂಗಿಸಿದ ಕ್ಯಾಥರೀನಾಳ ಬಗ್ಗೆ ನಮ್ಮ ಪೀಠಗಳಿಂದ ಇನ್ನಷ್ಟು ಕೇಳಿಬರಬೇಕೆಂಬುದು ನನ್ನ ಹಳೆಯ ಆಸೆ. ಇರಲಿ.

ಬಲ್ಮಠಕ್ಕೆ ಹತ್ತಿರದ ಸಂಬಂಧವಿರುವುದು ಇನ್ನೊಂದು ಊರಿನೊಡನೆ. ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ, ನೆಕ್ಕರ್ ನದಿಯ ದಂಡೆಯ ಮೇಲೆ, ಟ್ಯೂಬಿಂಗನ್ ಎಂಬ ಪಟ್ಟಣ. ಎಬರ್‌ಹಾರ್ಡ್ ಎಂಬ ಪಾಳೆಯಗಾರನು 1477ರಲ್ಲಿ ಅಲ್ಲಿ ವಿಶ್ವವಿದ್ಯಾಲಯವನ್ನು ತೆರೆದನು. ಡ್ಯೂಕ್ ಉಲ್ರಿಖನು 1534ರಲ್ಲಿ ನಾಡನ್ನು ಲೂಥರನ್ ಮತಕ್ಕೆ ತಂದ ಮೇಲೆ, ಸಭೆಗೆ ಪಾಲಕರು ಬೇಕಾದರು. ಬಡವರ ಮನೆಯ ಜಾಣ ಹುಡುಗರು ಓದುವುದು ಹೇಗೆ? 1536ರಲ್ಲಿ ಅವನು ಒಂದು ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದನು. ಊಟ, ವಸತಿ, ಪಾಠ ಎಲ್ಲವೂ ಉಚಿತ. ಓದಿದವನು ಮುಂದೆ ನಾಡಿನ ಸೇವೆ ಮಾಡಬೇಕು. ಅದೇ ಟ್ಯೂಬಿಂಗನ್ನಿನ ಸ್ಟಿಫ್ಟ್. 1547ರಿಂದ ಅದು ಇರುವುದೂ ಒಂದು ಹಳೆಯ ಅಗಸ್ಟೀನ್ ಮಠದಲ್ಲಿಯೇ. ಮಠ ಹೋಗಿ ಮನೆಯಾಯಿತು, ಪಂಕ್ತಿ ಮಾತ್ರ ಉಳಿಯಿತು ಎನ್ನೋಣ.

ಅಲ್ಲಿಯ ಪದ್ಧತಿ ನನಗೆ ಬಹಳ ಹಿಡಿಸಿತು. ಓದು ಮುಗಿಸಿದ ಚುರುಕಾದ ತರುಣರು ಕೆಲವು ವರ್ಷ ಅಲ್ಲೇ ಹುಡುಗರೊಡನೆ ವಾಸವಿದ್ದು, ವಿಶ್ವವಿದ್ಯಾಲಯದಲ್ಲಿ ಕೇಳಿದ ಪಾಠಗಳನ್ನು ಅವರೊಡನೆ ಮತ್ತೆ ಚರ್ಚಿಸಿ ಗಟ್ಟಿ ಮಾಡಿಸಬೇಕು. ದೊಡ್ಡ ಪ್ರಾಧ್ಯಾಪಕರು ವೇದಿಕೆಯ ಮೇಲೆ. ಇವರು ಮಾತ್ರ ಪಕ್ಕದ ಕೋಣೆಯಲ್ಲಿ. ಶಿಸ್ತು ಕಟ್ಟುನಿಟ್ಟು. ತಪ್ಪು ಮಾಡಿದವನಿಗೆ ಊಟದ ಜೊತೆಗಿನ ದ್ರಾಕ್ಷಾರಸವನ್ನು ತಡೆಹಿಡಿಯುವುದು ಒಂದು ಶಿಕ್ಷೆಯಂತೆ! (ಬಲ್ಮಠದಲ್ಲಿ ಮೀನುಸಾರನ್ನು ತಡೆಹಿಡಿಯುವ ಶಿಕ್ಷೆಯಿದ್ದಿದ್ದರೆ ಮೊದಲ ವರ್ಷ ನಾನು ಸಂತೋಷದಿಂದ ಅನುಭವಿಸುತ್ತಿದ್ದೆ.) ಗ್ರಹಗಳ ಪಥವನ್ನು ಕಂಡುಹಿಡಿದ ಕೆಪ್ಲರ್ 1589ರಲ್ಲಿ ಈ ಮನೆಗೆ ಸೇರಿದ ಬಡ ಹುಡುಗ. ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಮತ್ತು ಕವಿ ಹೋಲ್ಡರ್ಲಿನ್, 1790ರ ಸುಮಾರಿಗೆ ಇಲ್ಲಿ ಒಂದೇ ಕೋಣೆಯ ಗೆಳೆಯರು.

ಓದುಗರೇ, ಇದೇ ಮನೆಯ ಮೂವರು ಹುಡುಗರು ನಮ್ಮ ಕರಾವಳಿಗೆ ಬಂದರು. ಹರ್ಮನ್ ಮೋಗ್ಲಿಂಗ್, ಹರ್ಮನ್ ಗುಂಡರ್ಟ್, ಗಾಟ್‌ಫ್ರೀಡ್ ವೈಗ್ಲೆ. ಅವರ ಕಾಲದ ಸ್ಟಿಫ್ಟ್ ಶಾಂತವಾಗಿರಲಿಲ್ಲ. ಹುಡುಗರೊಡನೆ ವಾಸವಿದ್ದು ಕಲಿಸುತ್ತಿದ್ದ ಡೇವಿಡ್ ಸ್ಟ್ರಾಸ್ ಎಂಬ ತರುಣ 1835ರಲ್ಲಿ ಯೇಸುವಿನ ಜೀವನವನ್ನು ಕುರಿತು ಒಂದು ಪುಸ್ತಕ ಬರೆದನು. ಸುವಾರ್ತೆಗಳ ಅದ್ಭುತಗಳು ಆದಿಸಭೆಯ ನಂಬಿಕೆ ಹೆಣೆದ ಪುರಾಣಗಳು ಎಂದು ವಾದಿಸಿದನು. ಯೂರೋಪೇ ಅಲ್ಲಾಡಿತು, ಅವನು ಕೆಲಸ ಕಳೆದುಕೊಂಡನು. ಗುಂಡರ್ಟ್ ಅವನ ಬಳಿಯೇ ಪಾಠ ಕೇಳಿದವರು. ಒಂದೇ ಮೇಜಿನಿಂದ ಎದ್ದು ಒಬ್ಬನು ಸಂದೇಹದ ಕಡೆಗೆ ಹೋದನು, ಇನ್ನೊಬ್ಬನು ತಲಶ್ಶೇರಿಗೆ ಬಂದನು. ಪ್ರಶ್ನೆಗಳನ್ನು ಕೇಳಿದರೆ ವಿಶ್ವಾಸ ಹಾಳಾಗುತ್ತದೆಂದು ನಮ್ಮ ಯುವಕರನ್ನು ಗದರಿಸುವ ಹಿರಿಯರು ಈ ಸಂಗತಿಯನ್ನು ಸ್ವಲ್ಪ ಧ್ಯಾನಿಸಬೇಕು.

ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು, ಬೇಗನೆ ಹುಡುಗರಿಗಾಗಿ ವಸತಿಶಾಲೆಯನ್ನು ನಡೆಸತೊಡಗಿದರು. 1840ರಲ್ಲಿ ಕಲೆಕ್ಟರ್ ಬ್ಲೇರ್ ಅವರಿಂದ ಬಲ್ಮಠದ ಗುಡ್ಡದ ಜಾಗ ದೊರೆಯಿತು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ', 1847ರಲ್ಲಿ ಉಪದೇಶಿಗಳನ್ನು ತರಬೇತುಗೊಳಿಸುವ ಸೆಮಿನರಿ. ಬಾಸೆಲ್ ಮಿಷನ್ನಿನಲ್ಲಿ ಲೂಥರನ್ನರೂ ಸುಧಾರಿತ ಸಭೆಯವರೂ ಬೆರೆತಿದ್ದರು. ಆದುದರಿಂದ ಬಲ್ಮಠವನ್ನು ಅಪ್ಪಟ ಲೂಥರನ್ ಎನ್ನಲಾಗದು. ಆದರೆ ಅದನ್ನು ಕಟ್ಟಿದವರ ಕೈಯಲ್ಲಿ ಸ್ಟಿಫ್ಟಿನ ಅಭ್ಯಾಸವಿತ್ತು: ಕಲಿಯುವವರು ಒಂದೇ ಸೂರಿನಡಿ ಬಾಳಬೇಕು, ಕಲಿಸುವವನು ಅವರ ನಡುವೆ ಇರಬೇಕು.

ಜರ್ಮನಿಯಲ್ಲಿ ಇದು ಶಿಸ್ತಿನ ವಿಷಯವಾಗಿದ್ದರೆ, ಕನ್ನಡ ನಾಡಿನಲ್ಲಿ ಒಟ್ಟಿಗೆ ಉಣ್ಣುವುದೆಂದರೆ ಜಾತಿ ಕೆಡುವುದು. 1844ರ ಜನವರಿ 6ರಂದು ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ, ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದಾಗ ಊರೇ ಕೆರಳಿತು. ಅವರು ಹರ್ಮನ್ ಆನಂದರಾವ್ ಕೌಂಡಿನ್ಯ ಎಂದು ಹೆಸರಾದರು. ಬಾಸೆಲಿನಲ್ಲಿ ಓದಿ 1851ರಲ್ಲಿ ಅಭಿಷಿಕ್ತರಾಗಿ ಮರಳಿ, ಇದೇ ಸೆಮಿನರಿಯಲ್ಲಿ ಕಲಿಸಿದರು. ಮುಂದೆ ಅವರೂ ಮೋಗ್ಲಿಂಗರೂ ಕೊಡಗಿನಲ್ಲಿ ಆನಂದಪುರವನ್ನು ಕಟ್ಟಿದರು. ಅಲ್ಲಿ ನೆಲೆ ಕಂಡುಕೊಂಡವರು ಹೆಚ್ಚಾಗಿ ಹೊಲೆಯರು. ಬ್ರಾಹ್ಮಣನಾಗಿ ಹುಟ್ಟಿದವನು ಹೊಲೆಯರ ಪಾಲಕನಾದದ್ದು ಪುಸ್ತಕದ ಕಥೆಯಾಗಿ ಸುಲಭ. 1850ರ ದಶಕದಲ್ಲಿ ಬಾಳಿ ತೋರಿಸಿದವರಿಗೆ ಅದರ ಬೆಲೆ ಗೊತ್ತಿತ್ತು.

ಇಲ್ಲಿ ನನ್ನ ಸ್ವಂತದೊಂದು ನೆನಪನ್ನು ಹೇಳಿಬಿಡುತ್ತೇನೆ. ಶ್ರಾವಣಮಾಸದಲ್ಲಿ ನಮ್ಮೂರ ಕಡೆ ಗುಡಿಗಳಲ್ಲಿ ಬಸವಪುರಾಣ ಹಚ್ಚುವ ರೂಢಿ. ಬಾಲ್ಯದಲ್ಲಿ ನಾನು ಅದನ್ನು ಕೇಳಿದ್ದು ಬೇವಿನ ಮರದ ಕೆಳಗೆ, ಕತ್ತಲೆಯಲ್ಲಿ ನಿಂತು. ಓದುವವರ ದನಿ ಗಾಳಿ ಬೀಸಿದ ಕಡೆಗೆ ಹೋಗುತ್ತಿದ್ದುದರಿಂದ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಜಾತಿಯನ್ನು ಸುಟ್ಟವನ ಕಥೆಯನ್ನು ಜಾತಿಯ ಗೆರೆಯ ಆಚೆ ನಿಂತು ಕೇಳುತ್ತಿದ್ದೇನೆಂಬುದು ಆಗ ತಿಳಿಯುವ ವಯಸ್ಸಲ್ಲ. ಬಲ್ಮಠದಲ್ಲಿ ಓದುವಾಗ, ಮೋಗ್ಲಿಂಗ್ 1848ರಿಂದ 1853ರವರೆಗೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದ್ದು ತಿಳಿಯಿತು. ಕಾಸಮೇಜರ್ ಎಂಬ ಆಂಗ್ಲ ಅಧಿಕಾರಿಯ ಹಣ, ಬಲ್ಮಠದ ಕಲ್ಲಚ್ಚು. ಅದರಲ್ಲಿ ಜೈಮಿನಿಭಾರತವಿತ್ತು, ದಾಸರ ಪದಗಳಿದ್ದವು, ಭೀಮಕವಿಯ ಬಸವಪುರಾಣವೂ ಇತ್ತು. ನಾನು ಬೇವಿನ ಮರದ ಕೆಳಗೆ ಅರ್ಧ ಕೇಳಿದ್ದ ಪುರಾಣವನ್ನು ಮಂಗಳೂರಿನ ಗ್ರಂಥಾಲಯದಲ್ಲಿ ಕುರ್ಚಿಯ ಮೇಲೆ ಕುಳಿತು ಪೂರ್ತಿ ಓದಿದೆನು. ಯಾರೂ ನನ್ನನ್ನು ಎಬ್ಬಿಸಲಿಲ್ಲ.

ಆ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು. 1896ರಲ್ಲಿ ಫರ್ಡಿನೆಂಡ್ ಕಿಟ್ಟೆಲರಿಗೂ ಅದೇ ಗೌರವ. ಕಿಟ್ಟೆಲ್ ಸ್ಟಿಫ್ಟಿನವರಲ್ಲ, ಉತ್ತರ ಸಮುದ್ರದ ದಂಡೆಯವರು, ಬಾಸೆಲಿನ ಮಿಷನ್ ಶಾಲೆಯಲ್ಲಿ ಕಲಿತು 1853ರಲ್ಲಿ ಇಲ್ಲಿಗೆ ಬಂದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳಿವೆ. ಕೊನೆಗೆ ಅವರು ನೆಲೆಸಿದ್ದು ಟ್ಯೂಬಿಂಗನ್ನಿನಲ್ಲಿ. 1903ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಅದೇ ವರ್ಷ ಅವರ ಕನ್ನಡ ವ್ಯಾಕರಣ ಪ್ರಕಟವಾಗಿತ್ತು. ನೆಕ್ಕರ್ ದಂಡೆಯ ಚಳಿಯಲ್ಲಿ ಕುಳಿತು ಒಬ್ಬ ಮುದುಕ ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಜೋಡಿಸುತ್ತಿದ್ದುದನ್ನು ನೆನೆದರೆ ನನಗೆ ಈಗಲೂ ಒಂದು ಬಗೆಯ ಮುಜುಗರವಾಗುತ್ತದೆ. ನಮ್ಮ ಮಕ್ಕಳ ಕನ್ನಡ ಎಲ್ಲಿಗೆ ಬಂತೆಂಬುದು ನಿಮಗೂ ಗೊತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯಾದೀತೇ ಹೊರತು ಚರಿತ್ರೆಯಾಗದು. ಆ ಮೇಜಿನಿಂದ ಎಬ್ಬಿಸಲ್ಪಟ್ಟವರೂ ಇದ್ದಾರೆ. 1477ರಲ್ಲಿ ವಿಶ್ವವಿದ್ಯಾಲಯ ತೆರೆದಾಗಲೇ, ಯೆಹೂದ್ಯರು ಆ ಪಟ್ಟಣದಲ್ಲಿ ವಾಸಿಸಕೂಡದೆಂದು ಎಬರ್‌ಹಾರ್ಡನು ವಿಧಿಸಿದ್ದನು. ಅದು ಲೂಥರನಿಗಿಂತ ಮುಂಚಿನ ಮಾತು. ಆದರೆ ಯೆಹೂದ್ಯರ ವಿಷಯದಲ್ಲಿ ಲೂಥರನ ಕೊನೆಗಾಲದ ಬರಹಗಳು ಅದಕ್ಕಿಂತ ಕ್ರೂರವಾದವು. ಹಿಟ್ಲರನ ಕಾಲದಲ್ಲಿ ಟ್ಯೂಬಿಂಗನ್ನಿನ ಗೆರ್ಹಾರ್ಡ್ ಕಿಟ್ಟೆಲ್ ಎಂಬ ಹೊಸ ಒಡಂಬಡಿಕೆಯ ಪಂಡಿತನು ಯೆಹೂದ್ಯರ ವಿರುದ್ಧ ಪುಸ್ತಕವನ್ನೇ ಬರೆದನು. ಹೆಸರು ಒಂದೇ ಆದರೂ ಅವನು ನಮ್ಮ ನಿಘಂಟಿನ ಕಿಟ್ಟೆಲರ ಮಗನಲ್ಲ. ಸ್ತ್ರೀಯರಿಗೆ ಆ ವಿಶ್ವವಿದ್ಯಾಲಯದ ಬಾಗಿಲು ಕ್ರಮಬದ್ಧವಾಗಿ ತೆರೆದದ್ದು 1904ರಲ್ಲಿ, ಸ್ಥಾಪನೆಯಾಗಿ 427 ವರ್ಷಗಳ ಮೇಲೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಕೆಪ್ಲರನ ಕಥೆ. ಸ್ಟಿಫ್ಟಿನ ಅನ್ನವನ್ನುಂಡು ಬೆಳೆದ ಆ ಲೂಥರನ್ ಭಕ್ತನು 1612ರಲ್ಲಿ ಲಿಂಟ್ಸ್ ಪಟ್ಟಣಕ್ಕೆ ಹೋದಾಗ, ಅಲ್ಲಿಯ ಪಾಲಕರು ಅವನಿಗೆ ಕರ್ತನ ಭೋಜನವನ್ನು ನಿರಾಕರಿಸಿದರು. ರೊಟ್ಟಿ ದ್ರಾಕ್ಷಾರಸಗಳಲ್ಲಿ ಕ್ರಿಸ್ತನ ದೇಹದ ಇರುವಿಕೆಯ ಬಗ್ಗೆ ಸಭೆಯ ಸೂತ್ರಕ್ಕೆ ಅವನು ನಿಶ್ಶರ್ತವಾಗಿ ಸಹಿ ಹಾಕಲಾರೆನೆಂದದ್ದೇ ಅಪರಾಧ. ಅವನು ತನ್ನ ತವರಿನ ಸಭಾಮಂಡಳಿಗೆ ಮೊರೆಯಿಟ್ಟನು. ಅವರೂ ಪಾಲಕರ ಪಕ್ಷವನ್ನೇ ಹಿಡಿದರು. ಯಾವ ಮನೆ ಅವನಿಗೆ ಉಣಿಸಿ ಓದಿಸಿತೋ ಆ ಮನೆಯ ಸಭೆಯೇ ಅವನನ್ನು ಪಂಕ್ತಿಯಿಂದ ಎಬ್ಬಿಸಿತು.

ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ನೀವು ಬಲ್ಲಿರಿ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಡನೆ ಉಣ್ಣುತ್ತಿದ್ದವನು, ಯೆರೂಸಲೇಮಿನ ಕಡೆಯವರು ಬಂದೊಡನೆ ಹೆದರಿ ಹಿಂದೆ ಸರಿದನು. ಪೌಲನು ಎಲ್ಲರ ಮುಂದೆಯೇ ಅವನನ್ನು ಖಂಡಿಸಿದನು. ಲೂಥರನು ಅತಿಯಾಗಿ ಪ್ರೀತಿಸಿದ ಪತ್ರವಿದು. ವಿಟೆನ್‌ಬರ್ಗಿನಲ್ಲಿ ಅವನು ಇದರ ಮೇಲೆ ಕೊಟ್ಟ ಉಪನ್ಯಾಸಗಳು 1535ರಲ್ಲಿ ದೊಡ್ಡ ಗ್ರಂಥವಾಗಿ ಬಂದವು. ಬಲ್ಮಠದಲ್ಲಿ ಈ ಅಧ್ಯಾಯದ ಮೇಲೆ ನಾನು ಪ್ರಬಂಧ ಬರೆದು ಒಳ್ಳೆಯ ಅಂಕಗಳನ್ನು ಪಡೆದೆನು. ಅದಾದ ಎರಡು ತಿಂಗಳಿಗೆ ನನ್ನ ತಂದೆ ಬಂದರು.

ಹೇಳದೆ ಕೇಳದೆ ಬಂದಿದ್ದರು. ಹತ್ತಿ ಮಾರಿದ ದುಡ್ಡಿತ್ತು, ಮಗನನ್ನು ನೋಡಬೇಕೆನ್ನಿಸಿತು, ಬಸ್ಸು ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ನೋಡುತ್ತೇನೆ, ವಸತಿನಿಲಯದ ಮೆಟ್ಟಿಲ ಬಳಿ ನಿಂತಿದ್ದಾರೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗಂಟು, ಎರೆಮಣ್ಣು ಮೆತ್ತಿದ ಚಪ್ಪಲಿಗಳನ್ನು ಕಳಚಿ ದೂರದಲ್ಲಿಟ್ಟಿದ್ದಾರೆ. "ಆರಾಮ ಇದ್ದಿಯೇನ ತಮ್ಮಾ? ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಾಳ ನಿಮ್ಮವ್ವ" ಎಂದರು. ಅಷ್ಟರಲ್ಲಿ ಊಟದ ಗಂಟೆಯಾಯಿತು. ಗೆಳೆಯರು ಬರತೊಡಗಿದರು. ನಾನು ಆಡಿದ ಮಾತು ಇದು: "ಅಪ್ಪಾ, ನೀ ಇಲ್ಲೇ ಕಟ್ಟೀ ಮ್ಯಾಲ ಕುಂದ್ರು. ನಾ ಉಂಡು ಬರ್ತೀನಿ. ಆಮ್ಯಾಲ ಪ್ಯಾಟ್ಯಾಗ ಉಣಿಸ್ತೀನಿ."

ಅವರು ಮರುಮಾತಾಡದೆ ಕುಳಿತರು. ಹೊರಗೆ ಕುಳಿತು ಅವರಿಗೆ ರೂಢಿಯಿತ್ತು. ನನ್ನ ಮಾತಿನಲ್ಲಿ ಅವರಿಗೆ ಹೊಸದೇನೂ ಕಾಣಲಿಲ್ಲ.

ಒಳಗೆ ಅಂದು ನಮ್ಮೊಡನೆ ಉಣ್ಣಲು ಬಂದಿದ್ದ ಅಧ್ಯಾಪಕರೊಬ್ಬರು ಕಿಟಕಿಯಿಂದ ನೋಡಿ, "ಹೊರಗೆ ಕುಳಿತವರು ಯಾರು?" ಎಂದರು. ನನ್ನ ಮುಖ ನೋಡಿಯೇ ಕೇಳಿದರು. "ನಮ್ಮೂರವರು ಸರ್" ಎಂದೆನು. ಕೋಳಿ ಕೂಗಲಿಲ್ಲ, ಅಷ್ಟೇ. ಅವರು ಎದ್ದರು. ಅಡಿಗೆಯವರಿಂದ ಒಂದು ತಟ್ಟೆ, ಒಂದು ಲೋಟವನ್ನು ತಾವೇ ತೆಗೆದುಕೊಂಡು ಹೊರಗೆ ಹೋದರು. "ಬನ್ನಿ ಯಜಮಾನರೇ, ಅನ್ನ ಆರ್ತದೆ" ಎಂಬ ದನಿ ಕೇಳಿಸಿತು. ಕೈಹಿಡಿದು ಕರೆತಂದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ನನ್ನ ತಂದೆ ಬೆಂಚಿನ ತುದಿಯಲ್ಲಿ, ಯಾವಾಗ ಬೇಕಾದರೂ ಏಳಲು ಸಿದ್ಧರಾದವರಂತೆ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ ಗಂಟನ್ನು ಬಿಚ್ಚಿ ರೊಟ್ಟಿಗಳನ್ನು ಮೇಜಿನ ಮೇಲಿಟ್ಟರು. ಎರಡು ದಿನದ ಕಟಕ ರೊಟ್ಟಿ. ಧಾರವಾಡ, ಬೀದರಿನ ಹುಡುಗರು ಮುಗಿಬಿದ್ದರು. ಆ ಅಧ್ಯಾಪಕರು ನನ್ನನ್ನು ಅಂದೂ ಏನೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಪ್ರಬಂಧಕ್ಕೆ ಅಂಕ ಕೊಟ್ಟವರೂ ಅವರೇ.

ಸಂಜೆ ಬಸ್ ನಿಲ್ದಾಣದಲ್ಲಿ ತಂದೆ ಕೇಳಿದರು: "ಆ ಮಾಸ್ತರು ಯಾವ ಪೈಕಿ?"

"ಗೊತ್ತಿಲ್ಲಪ್ಪಾ" ಎಂದೆನು.

"ಎರಡು ವರ್ಸ ಆತು. ಕೇಳಿಲ್ಲೇನು?"

"ಇಲ್ಲ."

ಅವರು ಬಹಳ ಹೊತ್ತು ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಹೆಮ್ಮೆಯಿತ್ತೆಂದು ತೋರುತ್ತದೆ. ಆದರೆ ನಾನು ಹೇಳಿದ್ದು ಸುಳ್ಳು. ಸೇರಿದ ಮೊದಲ ತಿಂಗಳಲ್ಲೇ ಯಾರು ಯಾವ ಪೈಕಿ ಎಂಬುದನ್ನು ಒಬ್ಬೊಬ್ಬರ ಊರು, ಕೇರಿ, ಮನೆತನಗಳನ್ನು ವಿಚಾರಿಸಿ ಗುಟ್ಟಾಗಿ ಪತ್ತೆ ಮಾಡಿಟ್ಟುಕೊಂಡಿದ್ದೆನು. ಎಲ್ಲಿ ಕುಳಿತರೆ ಕ್ಷೇಮ ಎಂಬ ಲೆಕ್ಕಕ್ಕಾಗಿ. ಯಾರೂ ನನ್ನಿಂದ ಆ ಲೆಕ್ಕವನ್ನು ಕೇಳಿರಲಿಲ್ಲ. ದೋರನಹಳ್ಳಿಯಿಂದ ತಗಡಿನ ಪೆಟ್ಟಿಗೆಯೊಡನೆ ನಾನೇ ಹೊತ್ತು ತಂದಿದ್ದೆನು.

ಓದು ಮುಗಿಸಿದಾಗ ನನಗೆ ದೊರೆತದ್ದು ಸೆರಾಂಪುರದ ಪದವಿ. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ತೆರೆದ ಕಾಲೇಜು ಅದು. ಕೇರಿ ಬ್ಯಾಪ್ಟಿಸ್ಟರು. ಆದರೆ ಆ ಊರು ಆಗ ಡೆನ್ಮಾರ್ಕಿನ ಅಧೀನದಲ್ಲಿದ್ದುದರಿಂದ, 1827ರಲ್ಲಿ ಪದವಿ ನೀಡುವ ಸನ್ನದು ಕೊಟ್ಟವನು ಲೂಥರನ್ ದೊರೆ ಆರನೆಯ ಫ್ರೆಡರಿಕ್. 1833ರ ನಿಬಂಧನೆಗಳಲ್ಲಿ, ಜಾತಿ, ವರ್ಣ, ದೇಶ ಯಾವುದೂ ಪ್ರವೇಶಕ್ಕೆ ಅಡ್ಡಿಯಾಗಬಾರದೆಂದು ಬರೆದಿದ್ದರು. ಆ ಪದವಿಪತ್ರಕ್ಕೆ ಚೌಕಟ್ಟು ಹಾಕಿಸಿ ತಂದೆ ಗೋಡೆಗೆ ತೂಗುಹಾಕಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರು. ಮೆಟ್ಟಿಲ ಮೇಲೆ ಕುಳಿತ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ, ಅವ್ವನಿಗೂ. ನಾನೂ ಹೇಳಲಿಲ್ಲ. ಅವರು ಕರ್ತನಲ್ಲಿ ನಿದ್ರೆಹೋಗಿ ಹದಿನೆಂಟು ವರ್ಷಗಳಾದವು. ಸಭಾಪಾಲಕನಾಗಿ ನೂರಾರು ಸಲ ಕರ್ತನ ಮೇಜಿನ ಮುಂದೆ ನಿಂತು ಎಲ್ಲರನ್ನೂ ಕರೆದಿದ್ದೇನೆ. ಆ ಮಧ್ಯಾಹ್ನ ನೆನಪಾಗದ ಒಂದು ಸಲವೂ ಇಲ್ಲ.

ದಸರೆಗೆ ಮುಂಚೆ ಒಂದು ಸಂಜೆ ಆ ಹುಡುಗಿಯ ಫೋನು ಬಂತು. ಅನ್ನ ಗಟ್ಟಿಯಂತೆ, ಸಾರು ನೀರಂತೆ. ಯಾರ ಬಾಜೂಕ ಕುಳಿತೆ ಎಂದು ನಾನೇ ಕೇಳಿದೆನು. ಕಿಟಕಿಯ ಹತ್ತಿರದ ಮೇಜಿನಲ್ಲಿ ಸುರಪುರದ ಒಬ್ಬಳು, ಔರಾದಿನ ಒಬ್ಬಳು ಜೊತೆಗಿದ್ದಾರಂತೆ. ಬೇರೆ ಮೇಜಿನವರು ಮೊದಲನೇ ವಾರವೇ ಅಡ್ಡಹೆಸರು ಕೇಳಿದರಂತೆ, ಆಮೇಲೆ ಮಾತಾಡಿಸಿಲ್ಲವಂತೆ. "ನೀವು ಮಂಗಳೂರಾಗ ಏನು ಮಾಡಿದ್ರಿ ಮುತ್ಯಾ?" ಎಂದಳು.

ಆಗ ಅವಳಿಗೆ ಎಲ್ಲವನ್ನೂ ಹೇಳಿದೆನು. ನೀರು ಕುಡಿದ ಗೆಳೆಯನನ್ನಷ್ಟೇ ಅಲ್ಲ. ಕಟ್ಟೆ, ಗಂಟು, "ನಮ್ಮೂರವರು ಸರ್" ಎಂದದ್ದು, ಬಸ್ ನಿಲ್ದಾಣದ ಸುಳ್ಳು, ಒಂದನ್ನೂ ಬಿಡದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಫೋನು ಕಡಿದುಹೋಯಿತೇನೋ ಎಂದುಕೊಂಡೆನು.

"ನಮ್ಮಪ್ಪ ಮುಂದಿನ ಐತಾರ ಬರ್ತೀನಿ ಅಂದಾನ, ಮುತ್ಯಾ" ಎಂದಳು. "ನಾ ಬ್ಯಾಡ ಅಂದಿದ್ದೆ."

ಭಾನುವಾರ ಆರಾಧನೆ ಮುಗಿಸಿ ಬರುವಷ್ಟರಲ್ಲಿ ಅವಳ ತಂದೆ ಮೊದಲನೇ ಬಸ್ಸಿಗೇ ಹೋಗಿಬಿಟ್ಟಿದ್ದನು. ರೊಟ್ಟಿ ಎಷ್ಟು ಕಟ್ಟಿದೆ ಎಂದು ಅಕ್ಕನನ್ನು ಕೇಳಿದೆನು. ಮೂವತ್ತು ಎಂದಳು.